ಲಿನಕ್ಸ್ ತೆಗೆದರೆ ಕಂಪ್ಯೂಟರ್ ಸತ್ತೇ ಹೋಗುತ್ತದೆಯೇ? ಬಯೋಸ್‌ಗೆ ಹೆಸರಿಟ್ಟ ಗ್ಯಾರಿ ಕಿಲ್ಡಾಲ್ ಕಥೆ

ಭಂಕೂರದಲ್ಲಿ ಡಿಪ್ಲೊಮಾ ಓದುವ ಹುಡುಗನೊಬ್ಬ ತನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಜೊತೆಗೆ ಉಬುಂಟು ಲಿನಕ್ಸ್ ಕೂಡ ಹಾಕಿಕೊಂಡಿದ್ದ. ಪರೀಕ್ಷೆ ಮುಗಿದ ಮೇಲೆ, ಜಾಗ ಸಾಲುತ್ತಿಲ್ಲವೆಂದು ವಿಂಡೋಸಿನ ಒಳಗಿಂದಲೇ ಉಬುಂಟು ಇದ್ದ ಪಾರ್ಟಿಷನ್ ಅಳಿಸಿಬಿಟ್ಟ. ಆ ಹೊತ್ತಿಗೆ ಏನೂ ಆಗಲಿಲ್ಲ. ಮರುದಿನ ಆನ್ ಮಾಡಿದರೆ ಕಪ್ಪು ಪರದೆ, ಮೇಲಿನ ಮೂಲೆಯಲ್ಲಿ ಗ್ರಬ್ ರೆಸ್ಕ್ಯೂ ಎಂಬ ಎರಡು ಪದ, ಪಕ್ಕದಲ್ಲಿ ಮಿನುಗುವ ಗೆರೆ. ರಿಪೇರಿ ಅಂಗಡಿಯಲ್ಲಿ ನೋಡಿದವರು ಹಾರ್ಡ್ ಡಿಸ್ಕ್ ಹೋಗಿದೆ, ಫಾರ್ಮ್ಯಾಟ್ ಮಾಡಬೇಕು, ಒಳಗಿದ್ದದ್ದರ ಆಸೆ ಬಿಡು ಎಂದರು. ಒಳಗಿದ್ದದ್ದು ಅಕ್ಕನ ಮದುವೆಯ ಫೋಟೊಗಳು, ಈಗ ಇಲ್ಲದ ಅಜ್ಜಿಯ ನಾಲ್ಕಾರು ವಿಡಿಯೊ, ಅವನ ಪ್ರಾಜೆಕ್ಟ್ ರಿಪೋರ್ಟು.

ಲಿನಕ್ಸ್ ಹಾಕಿ ತೆಗೆದರೆ ಅದು ಹೋಗುವಾಗ ವಿಂಡೋಸನ್ನೂ ಫೈಲುಗಳನ್ನೂ ಅಳಿಸಿಕೊಂಡೇ ಹೋಗುತ್ತದೆ ಎನ್ನುವ ಮೆಸೇಜನ್ನು ನೀವೂ ನೋಡಿರಬಹುದು. ಅದು ಸುಳ್ಳು. ಆ ಹುಡುಗನ ಫೋಟೊಗಳು ಇದ್ದಲ್ಲೇ ಇದ್ದವು. ಕೆಟ್ಟದ್ದು ಕಂಪ್ಯೂಟರ್ ಶುರುವಾಗುವ ದಾರಿಯ ಒಂದು ಚಿಕ್ಕ ತುಂಡು ಮಾತ್ರ. ಶುರುವಾಗುವ ಭಾಗ ಬೇರೆ, ನಿಮ್ಮ ಫೈಲುಗಳಿರುವ ಭಾಗ ಬೇರೆ ಎನ್ನುವ ಏರ್ಪಾಟು ಸಣ್ಣ ಕಂಪ್ಯೂಟರುಗಳಲ್ಲಿ ನೆಲೆಯಾಗಲು ಮುಖ್ಯ ಕಾರಣ ಒಬ್ಬ ಮನುಷ್ಯ. ಲ್ಯಾಪ್‌ಟಾಪ್ ಆನ್ ಆಗುವಾಗ ಎಫ್2 ಒತ್ತಿದರೆ ಬರುವ ಪರದೆಯನ್ನು ನಾವು ಬಯೋಸ್ ಎನ್ನುತ್ತೇವಲ್ಲ, ಆ ಹೆಸರು ಅವನು ಇಟ್ಟದ್ದು. ಅವನ ಬಗ್ಗೆಯೂ ಒಂದು ಸುಳ್ಳು ನಲವತ್ತು ವರ್ಷದಿಂದ ಓಡಾಡುತ್ತಿದೆ.

ಹಡಗಿನ ಲೆಕ್ಕದಿಂದ ಚಿಪ್ಪಿನ ಲೆಕ್ಕಕ್ಕೆ

ಗ್ಯಾರಿ ಕಿಲ್ಡಾಲ್ ಹುಟ್ಟಿದ್ದು 1942ರ ಮೇ 19ರಂದು, ಅಮೆರಿಕದ ಸಿಯಾಟಲ್ ಎಂಬ ಬಂದರು ಊರಿನಲ್ಲಿ. ಮನೆತನದ್ದು ನೌಕಾಶಾಲೆ. ನಡುಸಮುದ್ರದಲ್ಲಿ ಹಡಗು ಎಲ್ಲಿದೆ ಎಂದು ನಕ್ಷತ್ರ ನೋಡಿ, ತ್ರಿಕೋನಮಿತಿಯ ಕೋಷ್ಟಕ ತಿರುವಿ ಲೆಕ್ಕ ಹಾಕುವುದನ್ನು ಅಲ್ಲಿ ಕಲಿಸುತ್ತಿದ್ದರು. ಗ್ಯಾರಿ ಶಾಲೆಯಲ್ಲಿ ಅಂಥ ಜಾಣನೇನೂ ಆಗಿರಲಿಲ್ಲ. ಕಾಲೇಜಿಗೆ ಹೋಗುವ ಮೊದಲು ಮನೆಯ ಆ ಶಾಲೆಯಲ್ಲೇ ಪಾಠ ಹೇಳುತ್ತಿದ್ದ. ಗಣಿತದ ಮೇಷ್ಟ್ರಾಗಬೇಕೆಂದು ವಾಷಿಂಗ್ಟನ್ ವಿಶ್ವವಿದ್ಯಾಲಯ ಸೇರಿದವನನ್ನು ಅಲ್ಲಿನ ಕಂಪ್ಯೂಟರ್ ಹಿಡಿದುಕೊಂಡಿತು.

ವಿಯೆಟ್ನಾಂ ಯುದ್ಧದ ಕಾಲ. ನೌಕಾಪಡೆಯ ಕಡ್ಡಾಯ ಸೇವೆಗೆ ಕರೆ ಬಂದಾಗ ಅವರಿಗೆ ಸಿಕ್ಕ ಕೆಲಸ ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿದ್ದ ನೌಕಾಪಡೆಯ ಸ್ನಾತಕೋತ್ತರ ಶಾಲೆಯಲ್ಲಿ ಪಾಠ ಹೇಳುವುದು. 1972ರಲ್ಲಿ ಪಿಎಚ್‌ಡಿ ಮುಗಿಯಿತು. ಮರುವರ್ಷ ಅವರು ಪ್ರಕಟಿಸಿದ ಒಂದು ಪ್ರಬಂಧ, ಬರೆದ ಪ್ರೋಗ್ರಾಮನ್ನು ಚುರುಕಾಗಿ ಓಡುವಂತೆ ತಿದ್ದುವ ಗಣಿತದ ವಿಧಾನದ್ದು. ನಿಮ್ಮ ಫೋನಿನ ಆ್ಯಪ್‌ಗಳನ್ನು ಸಿದ್ಧಪಡಿಸುವ ಕಂಪೈಲರುಗಳು ಇವತ್ತಿಗೂ ಅದೇ ತಳಹದಿಯ ಮೇಲೆ ನಿಂತಿವೆ. ಇಷ್ಟನ್ನೇ ಮಾಡಿ ಸುಮ್ಮನಿದ್ದರೂ ಪಠ್ಯಪುಸ್ತಕಗಳಲ್ಲಿ ಅವರ ಹೆಸರು ಉಳಿಯುತ್ತಿತ್ತು.

ಅದೇ ಹೊತ್ತಿಗೆ ಇಂಟೆಲ್ ಕಂಪನಿಯ 4004 ಎಂಬ ಚಿಪ್ ಬಂದಿತ್ತು. ಜಾಹೀರಾತು ನೋಡಿ ಕಿಲ್ಡಾಲ್ 25 ಡಾಲರ್ ಕೊಟ್ಟು ಒಂದನ್ನು ತರಿಸಿಕೊಂಡರು. ಅಪ್ಪನ ಶಾಲೆಯ ಆ ತ್ರಿಕೋನಮಿತಿ ಲೆಕ್ಕವನ್ನು ಇದರಿಂದ ಮಾಡಿಸಬಹುದೇ ಎಂಬುದು ಅವರ ಕುತೂಹಲ. ಆ ಕೆಲಸ ಇಂಟೆಲ್‌ನವರ ಕಣ್ಣಿಗೆ ಬಿತ್ತು. ವಾರಕ್ಕೊಂದು ದಿನ ಅಲ್ಲಿಗೆ ಹೋಗಿ ಸಲಹೆ ಕೊಡತೊಡಗಿದರು, ಅವರ ಚಿಪ್‌ಗಳಿಗೆ ಪ್ರೋಗ್ರಾಮ್ ಬರೆಯಲು ಪಿಎಲ್/ಎಂ ಎಂಬ ಭಾಷೆ ಮಾಡಿಕೊಟ್ಟರು. ಪ್ರತಿಯಾಗಿ ಸಿಕ್ಕ ಯಂತ್ರವನ್ನು ತಮ್ಮ ತರಗತಿಯ ಹಿಂದಿನ ಮೂಲೆಯಲ್ಲಿಟ್ಟು ವಿದ್ಯಾರ್ಥಿಗಳ ಕೈಗೆ ಬಿಟ್ಟರು.

ಮನೆಯ ಹಿಂದಿನ ಶೆಡ್ಡಿನಲ್ಲಿ

ಆಗಿನ ಸಣ್ಣ ಕಂಪ್ಯೂಟರುಗಳಲ್ಲಿ ಫೈಲ್ ಇಡಲು ಕಾಗದದ ಪಟ್ಟಿಯೇ ಗತಿ. ರಂಧ್ರ ಕೊರೆದ ಉದ್ದನೆಯ ಪಟ್ಟಿ. ಶುಗಾರ್ಟ್ ಕಂಪನಿಯ 8 ಇಂಚಿನ ಫ್ಲಾಪಿ ಡ್ರೈವ್ ಒಂದು ಕಿಲ್ಡಾಲ್ ಕೈಗೆ ಸಿಕ್ಕಿತು, ಆದರೆ ಅದನ್ನು ಚಿಪ್ಪಿಗೆ ಜೋಡಿಸುವ ವಿದ್ಯುತ್ ಮಂಡಲ ಅವರಿಂದ ಆಗಲಿಲ್ಲ. 1974ರಲ್ಲಿ ಗೆಳೆಯ ಜಾನ್ ಟೊರೋಡ್ ಅದನ್ನು ಮಾಡಿಕೊಟ್ಟ ಮೇಲೆ, ಪೆಸಿಫಿಕ್ ಗ್ರೋವ್ ಊರಿನ ತಮ್ಮ ಮನೆಯ ಹಿಂದಿದ್ದ ಸಾಮಾನು ಶೆಡ್ಡಿನಲ್ಲಿ ಕಿಲ್ಡಾಲ್ ಆ ಡ್ರೈವನ್ನು ಓಡಿಸಿದರು. ಓಡಿಸಿದ ತಂತ್ರಾಂಶಕ್ಕೆ ಸಿಪಿ/ಎಂ ಎಂದು ಹೆಸರು. ಸಣ್ಣ ಕಂಪ್ಯೂಟರಿಗೆಂದು ಬಂದು ಊರೂರಿಗೆ ಹರಡಿದ ಮೊದಲ ಆಪರೇಟಿಂಗ್ ಸಿಸ್ಟಮ್ ಅದು. ಇಂಟೆಲ್‌ಗೆ ತೋರಿಸಿದರೆ ಅವರಿಗೆ ಬೇಕಾಗಲಿಲ್ಲ. ಪಿಎಲ್/ಎಂ ಸಾಕೆಂದರು.

ಹೀಗಾಗಿ ಕಿಲ್ಡಾಲ್ ಮತ್ತು ಹೆಂಡತಿ ಡೊರೊಥಿ ಸೇರಿ ತಾವೇ ಕಂಪನಿ ತೆರೆದರು. ಹೆಸರು ಇಂಟರ್‌ಗ್ಯಾಲಕ್ಟಿಕ್ ಡಿಜಿಟಲ್ ರಿಸರ್ಚ್. ಮನೆಯಲ್ಲಿ ಕೂತು ನಡೆಸುವ ಅಂಗಡಿಗೆ ಇಡೀ ಬ್ರಹ್ಮಾಂಡದ ಹೆಸರು! ಆಮೇಲೆ ಡಿಜಿಟಲ್ ರಿಸರ್ಚ್ ಎಂದಷ್ಟೇ ಉಳಿಯಿತು. ಲೆಕ್ಕಪತ್ರ, ಗಿರಾಕಿ, ಒಪ್ಪಂದ ಎಲ್ಲ ಡೊರೊಥಿಯವರದು, ಕೋಡ್ ಗ್ಯಾರಿಯವರದು.

ಇಲ್ಲಿ ಸ್ವಲ್ಪ ನಿಲ್ಲೋಣ, ಏಕೆಂದರೆ ನಮ್ಮ ಹುಡುಗನ ಕಪ್ಪು ಪರದೆಯ ಬೇರು ಇಲ್ಲೇ ಇದೆ.

ಕರೆಂಟು ಬಂದ ಕ್ಷಣದಲ್ಲಿ ಕಂಪ್ಯೂಟರಿಗೆ ಏನೂ ಗೊತ್ತಿರುವುದಿಲ್ಲ. ಡಿಸ್ಕಿನಿಂದ ಪ್ರೋಗ್ರಾಮ್ ಓದಬೇಕೆಂದರೆ, ಡಿಸ್ಕ್ ಓದುವುದು ಹೇಗೆ ಎಂದು ಹೇಳುವ ಪ್ರೋಗ್ರಾಮ್ ಮೊದಲೇ ಒಳಗಿರಬೇಕು. ತನ್ನ ಹೆಗಲ ಮೇಲೆ ತಾನೇ ಹತ್ತಿ ಕೂರುವ ಪಾಡು ಇದು. ಇಂಗ್ಲಿಷಿನವರು ಬೂಟಿನ ಪಟ್ಟಿ ಹಿಡಿದು ತನ್ನನ್ನು ತಾನೇ ಎತ್ತಿಕೊಳ್ಳುವುದು ಎನ್ನುತ್ತಾರೆ, ಬೂಟ್ ಆಗುವುದು ಎಂಬ ಮಾತು ಅಲ್ಲಿಂದ ಬಂತು. ಪರಿಹಾರ ಮೆಟ್ಟಿಲು ಮೆಟ್ಟಿಲಾಗಿದೆ. ಚಿಪ್ಪಿನಲ್ಲೇ ಕೆತ್ತಿದ ಅತಿ ಚಿಕ್ಕ ಪ್ರೋಗ್ರಾಮ್ ಡಿಸ್ಕಿನ ಮೊಟ್ಟಮೊದಲ ತುಂಡನ್ನು ಮಾತ್ರ ಓದುತ್ತದೆ. ಆ ತುಂಡು ಅದಕ್ಕಿಂತ ದೊಡ್ಡದನ್ನು ಕರೆಯುತ್ತದೆ, ಅದು ಪೂರ್ತಿ ವ್ಯವಸ್ಥೆಯನ್ನು ಎಬ್ಬಿಸುತ್ತದೆ.

ಸಿಪಿ/ಎಂ ಕಾಲದ 8 ಇಂಚಿನ ಡಿಸ್ಕಿನಲ್ಲಿ 77 ವೃತ್ತಾಕಾರದ ಹಳಿಗಳಿದ್ದವು. ಮೊದಲ ಎರಡು ಹಳಿ ವ್ಯವಸ್ಥೆಗೆ ಮೀಸಲು, ಎರಡೂ ಸೇರಿ 6,656 ಬೈಟ್. ಉಳಿದ 75 ಹಳಿ ಬಳಕೆದಾರರ ಫೈಲುಗಳಿಗೆ. ಮೊದಲ ಹಳಿಗಳು ಕೆಟ್ಟರೆ ಆ ಡಿಸ್ಕಿನಿಂದ ಯಂತ್ರ ಏಳುತ್ತಿರಲಿಲ್ಲ. ಆಗ ಯಾರೂ ಡಿಸ್ಕ್ ಎಸೆಯುತ್ತಿರಲಿಲ್ಲ. ಸಿಸ್‌ಜೆನ್ ಎಂಬ ಪುಟ್ಟ ಪ್ರೋಗ್ರಾಮ್ ಓಡಿಸಿದರೆ ಅದು ಆ ಎರಡು ಹಳಿಗಳನ್ನಷ್ಟೇ ಹೊಸದಾಗಿ ಬರೆಯುತ್ತಿತ್ತು, ಫೈಲುಗಳ ತಂಟೆಗೆ ಹೋಗುತ್ತಿರಲಿಲ್ಲ.

ಕಿಲ್ಡಾಲ್ ಮಾಡಿದ ಇನ್ನೊಂದು ವಿಭಜನೆ ಇನ್ನೂ ದೊಡ್ಡದು. ಆಗ ಒಂದೊಂದು ಕಂಪನಿಯ ಯಂತ್ರವೂ ಒಂದೊಂದು ಥರ. ಪ್ರತಿಯೊಂದಕ್ಕೂ ಸಿಪಿ/ಎಂ ಪೂರ್ತಿ ತಿದ್ದಿ ತಿದ್ದಿ ಅವರಿಗೆ ಸಾಕಾಗಿತ್ತು. ಕೊನೆಗೆ ಯಂತ್ರದಿಂದ ಯಂತ್ರಕ್ಕೆ ಬದಲಾಗುವ ಕೆಲಸಗಳನ್ನೆಲ್ಲ, ಅಂದರೆ ಕೀಲಿಮಣೆ ಓದುವುದು, ಪರದೆಗೆ ಅಕ್ಷರ ಕಳಿಸುವುದು, ಡಿಸ್ಕಿನ ತುಂಡು ತರುವುದು, ಇವನ್ನು ಒಂದು ಚಿಕ್ಕ ಭಾಗಕ್ಕೆ ತಳ್ಳಿ ಅದಕ್ಕೆ ಬಯೋಸ್ ಎಂದು ಹೆಸರಿಟ್ಟರು. ಮಿಕ್ಕಿದ್ದು ಎಲ್ಲ ಯಂತ್ರಕ್ಕೂ ಒಂದೇ. ಹೊಸ ಯಂತ್ರ ಬಂದರೆ ಬಯೋಸ್ ಮಾತ್ರ ಬದಲಿಸಿದರೆ ಮುಗಿಯಿತು. 1980ರ ಸುಮಾರಿಗೆ ಸಿಪಿ/ಎಂ ಸಾವಿರಾರು ಮಾದರಿಯ ಕಂಪ್ಯೂಟರುಗಳಲ್ಲಿ ಓಡುತ್ತಿದ್ದದ್ದು ಈ ಒಂದು ಉಪಾಯದಿಂದ.

ಅಂದಹಾಗೆ, ನಿಮ್ಮ ಕಂಪ್ಯೂಟರಿನಲ್ಲಿ ಸಿ ಡ್ರೈವ್ ಇದೆ, ಎ ಮತ್ತು ಬಿ ಎಲ್ಲಿ ಹೋದವು ಎಂದು ಯೋಚಿಸಿದ್ದೀರಾ? ಅವು ಎರಡು ಫ್ಲಾಪಿಗಳ ಜಾಗ. ಡ್ರೈವಿಗೆ ಅಕ್ಷರದ ಹೆಸರಿಡುವ ಆ ರೂಢಿ ಸಣ್ಣ ಕಂಪ್ಯೂಟರಿಗೆ ಬಂದದ್ದೂ ಸಿಪಿ/ಎಂ ಮೂಲಕವೇ.

ವಾಡಿ ಜಂಕ್ಷನ್ನಿನಲ್ಲಿ ಹಳಿ ಕಿತ್ತರೆ

ಈಗ ಹುಡುಗನ ಲ್ಯಾಪ್‌ಟಾಪಿಗೆ ಬರೋಣ. ಶಹಾಬಾದ್ ಕಡೆಯಿಂದ ಬಂದ ರೈಲು ವಾಡಿಯಲ್ಲಿ ಎರಡು ದಾರಿ ಹಿಡಿಯಬಹುದು. ಒಂದು ಯಾದಗಿರಿ, ರಾಯಚೂರಿನ ಕಡೆ. ಇನ್ನೊಂದು ಚಿತ್ತಾಪುರ, ಸೇಡಂ ದಾಟಿ ಸಿಕಂದರಾಬಾದಿನ ಕಡೆ. ಯಾವ ಕಡೆ ಎಂದು ತೀರ್ಮಾನಿಸುವುದು ಜಂಕ್ಷನ್ನಿನಲ್ಲಿ ಹಳಿ ತಿರುಗಿಸುವ ಪಾಯಿಂಟು. ಎರಡು ಆಪರೇಟಿಂಗ್ ಸಿಸ್ಟಮ್ ಇರುವ ಕಂಪ್ಯೂಟರಿನಲ್ಲಿ ಆ ಪಾಯಿಂಟಿನ ಕೆಲಸ ಮಾಡುವುದು ಗ್ರಬ್. ಅದು ಲಿನಕ್ಸ್ ಜೊತೆ ಬರುವ ಪ್ರೋಗ್ರಾಮ್. ಅದರ ಒಂದು ಸಣ್ಣ ತುಣುಕು ಶುರುವಿನ ಜಾಗದಲ್ಲಿ ಕೂತಿರುತ್ತದೆ, ಉಳಿದ ಭಾಗ ಲಿನಕ್ಸಿನ ಪಾರ್ಟಿಷನ್ನಿನಲ್ಲಿರುತ್ತದೆ.

ಹುಡುಗ ಅಳಿಸಿದ್ದು ಪಾರ್ಟಿಷನ್. ಅಂದರೆ ಸೇಡಂ ಕಡೆಯ ಹಳಿಯನ್ನೇ ಕಿತ್ತ, ಪಾಯಿಂಟು ಮಾತ್ರ ಆ ಕಡೆಗೇ ತಿರುಗಿ ನಿಂತಿದೆ. ಆನ್ ಮಾಡಿದಾಗ ಗ್ರಬ್ಬಿನ ಆ ಸಣ್ಣ ತುಣುಕು ಎದ್ದು, ತನ್ನ ಉಳಿದ ಭಾಗ ಹುಡುಕಿ, ಸಿಗದೆ ಕೈಚೆಲ್ಲಿ ಕೂತಿತು. ರಾಯಚೂರಿನ ಹಳಿಗೆ, ಅಂದರೆ ವಿಂಡೋಸಿಗೆ, ಏನೂ ಆಗಿಲ್ಲ. ಪಾಯಿಂಟು ತಿರುಗಿಸಬೇಕು, ಅಷ್ಟೇ.

2012ರ ಈಚೆಗೆ ವಿಂಡೋಸ್ 8 ಅಥವಾ ಅದರ ಮುಂದಿನದರ ಜೊತೆ ಮಾರಾಟವಾದ ಯಂತ್ರವಾದರೆ ಬಹುಪಾಲು ಕೆಲಸ ಎರಡು ನಿಮಿಷದ್ದು. ಆನ್ ಆಗುವಾಗ ಎಫ್2, ಎಫ್10, ಎಫ್12 ಅಥವಾ ಡಿಲೀಟ್ ಒತ್ತಿ (ಕಂಪನಿಗೊಂದು ಥರ), ಬೂಟ್ ಕ್ರಮದ ಪಟ್ಟಿ ತೆಗೆಯಿರಿ. ಉಬುಂಟು ಎಂಬ ಹೆಸರು ಇನ್ನೂ ಮೇಲೆ ಕೂತಿರುತ್ತದೆ. ಅದರ ಕೆಳಗಿರುವ ವಿಂಡೋಸ್ ಬೂಟ್ ಮ್ಯಾನೇಜರ್ ಎಂಬುದನ್ನು ಮೇಲಕ್ಕೆ ತಂದು ಸೇವ್ ಮಾಡಿ. ಈ ಯಂತ್ರಗಳಲ್ಲಿ ಹಳೆಯ ಬಯೋಸ್ ಜಾಗಕ್ಕೆ ಯುಇಎಫ್ಐ ಬಂದಿದೆ. ಅಲ್ಲಿ ವಿಂಡೋಸಿಗೊಂದು, ಲಿನಕ್ಸಿಗೊಂದು ಪ್ರತ್ಯೇಕ ಫೋಲ್ಡರ್ ಇರುವುದರಿಂದ ಒಂದು ಇನ್ನೊಂದನ್ನು ತುಳಿಯುವುದಿಲ್ಲ. ಭಂಕೂರದ ಹುಡುಗನಿಗೆ ಇಷ್ಟೇ ಸಾಕಾಯಿತು. ಅಜ್ಜಿಯ ವಿಡಿಯೊ ಅವತ್ತೇ ಪೆನ್‌ಡ್ರೈವಿಗೆ ಹೋಯಿತು.

ಅದಕ್ಕಿಂತ ಹಳೆಯ ಯಂತ್ರದಲ್ಲಿ ಸ್ವಲ್ಪ ಹೆಚ್ಚು ಕೆಲಸ. ಅಲ್ಲಿ ಎಲ್ಲವೂ ಡಿಸ್ಕಿನ ಮೊದಲ 512 ಬೈಟ್‌ನಲ್ಲಿದೆ. 446 ಬೈಟ್ ಶುರುವಿನ ಕೋಡ್, 64 ಬೈಟ್ ಪಾರ್ಟಿಷನ್ನುಗಳ ಪಟ್ಟಿ, ಕೊನೆಯ 2 ಬೈಟ್ ಗುರುತಿನ ಮುದ್ರೆ. ಗ್ರಬ್ ಬರುವಾಗ ಆ 446 ಬೈಟ್‌ನಲ್ಲಿದ್ದ ವಿಂಡೋಸ್ ಕೋಡನ್ನು ತೆಗೆದು ತಾನು ಕೂತಿರುತ್ತದೆ, ಹಾಗಾಗಿ ಅದನ್ನು ಮತ್ತೆ ಬರೆಯಬೇಕು. ಬೇರೆ ಕಂಪ್ಯೂಟರಿನಲ್ಲಿ ಮೈಕ್ರೋಸಾಫ್ಟ್ ಉಚಿತವಾಗಿ ಕೊಡುವ ಉಪಕರಣದಿಂದ 8 ಜಿಬಿ ಪೆನ್‌ಡ್ರೈವಿಗೆ ವಿಂಡೋಸ್ ಇನ್‌ಸ್ಟಾಲರ್ ಹಾಕಿಕೊಳ್ಳಿ. ಅದರಿಂದ ಬೂಟ್ ಮಾಡಿ ರಿಪೇರ್ ಯುವರ್ ಕಂಪ್ಯೂಟರ್ ಎಂಬುದನ್ನು ಆರಿಸಿ. ಇನ್‌ಸ್ಟಾಲ್ ಎಂಬ ದೊಡ್ಡ ಗುಂಡಿಯನ್ನು ಮಾತ್ರ ಮುಟ್ಟಬೇಡಿ. ಮೊದಲು ಸ್ಟಾರ್ಟಪ್ ರಿಪೇರ್ ನೋಡಿ. ಆಗದಿದ್ದರೆ ಕಮಾಂಡ್ ಪ್ರಾಂಪ್ಟಿನಲ್ಲಿ ಬೂಟ್‌ರೆಕ್ ಎಂಬ ಆಜ್ಞೆಯನ್ನು ಫಿಕ್ಸ್‌ಎಂಬಿಆರ್ ಎಂಬ ಆಯ್ಕೆಯೊಂದಿಗೆ ಓಡಿಸಬೇಕು. ಅದು ಶುರುವಿನ ಕೋಡನ್ನು ಹೊಸದಾಗಿ ಬರೆಯುತ್ತದೆ, 64 ಬೈಟ್‌ನ ಪಾರ್ಟಿಷನ್ ಪಟ್ಟಿಯನ್ನು ಹಾಗೇ ಬಿಡುತ್ತದೆ. ಸಿಸ್‌ಜೆನ್ ಮಾಡುತ್ತಿದ್ದ ಕೆಲಸದ ಮೊಮ್ಮಗ ಎನ್ನಿ.

ಎರಡು ಎಚ್ಚರಿಕೆ. ಡಿಸ್ಕಿಗೆ ಬಿಟ್‌ಲಾಕರ್ ಬೀಗ ಇದ್ದರೆ ಬೂಟ್ ಸೆಟ್ಟಿಂಗ್ ಬದಲಿಸಿದಾಗ 48 ಅಂಕಿಯ ಕೀಲಿ ಕೇಳಬಹುದು. ಅದು ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ, ಮೊದಲೇ ಬರೆದಿಟ್ಟುಕೊಳ್ಳಿ. ಇನ್ನೊಂದು, ಲಿನಕ್ಸ್ ತೆಗೆಯುವಾಗ ತಪ್ಪಿ ಬೇರೆ ಪಾರ್ಟಿಷನ್ ಅಳಿಸಿದರೆ ಅದು ಬೇರೆಯೇ ತೊಂದರೆ, ಆಗ ಡಿಸ್ಕಿಗೆ ಏನನ್ನೂ ಬರೆಯದೆ ಬಲ್ಲವರ ಹತ್ತಿರ ಒಯ್ಯಬೇಕು. ಇನ್ನೂ ತೆಗೆಯದಿದ್ದವರು ಮೊದಲು ವಿಂಡೋಸ್ ತಾನಾಗಿ ಬೂಟ್ ಆಗುವಂತೆ ಮಾಡಿಕೊಂಡು, ಆಮೇಲೆ ಲಿನಕ್ಸ್ ಅಳಿಸಿದರೆ ಈ ಕಪ್ಪು ಪರದೆಯ ದರ್ಶನವೇ ಆಗುವುದಿಲ್ಲ.

ವಿಮಾನ ಹಾರಿಸಲು ಹೋಗಿ ಕೋಟಿ ಕಳೆದುಕೊಂಡರೇ?

ಕಿಲ್ಡಾಲ್ ಬಗ್ಗೆ ಓಡಾಡುವ ಕಥೆ ಹೀಗಿದೆ. 1980ರಲ್ಲಿ ಐಬಿಎಂ ತನ್ನ ಹೊಸ ಪರ್ಸನಲ್ ಕಂಪ್ಯೂಟರಿಗೆ ಆಪರೇಟಿಂಗ್ ಸಿಸ್ಟಮ್ ಕೇಳಲು ಅವರ ಬಾಗಿಲಿಗೆ ಬಂತು, ಆತ ಸೊಕ್ಕಿನಿಂದ ಮೋಜಿಗೆ ವಿಮಾನ ಹಾರಿಸಲು ಹೋಗಿದ್ದ, ಅವಕಾಶ ಬಿಲ್ ಗೇಟ್ಸ್ ಪಾಲಾಯಿತು. ಯುವಕರಿಗೆ ಬುದ್ಧಿ ಹೇಳುವ ಭಾಷಣಗಳಲ್ಲಿ ಇದು ಚೆನ್ನಾಗಿ ಓಡುತ್ತದೆ.

ನಡೆದದ್ದು ಇಷ್ಟು. ಐಬಿಎಂನವರನ್ನು ಕಿಲ್ಡಾಲ್ ಹತ್ತಿರ ಕಳಿಸಿದ್ದೇ ಗೇಟ್ಸ್. ಅವರು ಬಂದ ದಿನ ಕಿಲ್ಡಾಲ್ ವಿಮಾನದಲ್ಲಿ ಹೋಗಿದ್ದು ನಿಜ, ಆದರೆ ಹೋಗಿದ್ದು ಇನ್ನೊಬ್ಬ ಗಿರಾಕಿಯ ಭೇಟಿಗೆ, ಅದೂ ಮೊದಲೇ ಗೊತ್ತಾಗಿದ್ದ ಭೇಟಿ. ಒಪ್ಪಂದದ ಮಾತು ಎಂದಿನಂತೆ ಡೊರೊಥಿಯವರದೇ ಆಗಿತ್ತು. ಐಬಿಎಂ ಮುಂದಿಟ್ಟ ಗೋಪ್ಯತೆಯ ಕರಾರು ಒಂದೇ ಕಡೆಗೆ ವಾಲಿದೆ ಎಂದು ಅವರೂ ಕಂಪನಿಯ ವಕೀಲರೂ ಸಹಿ ಹಾಕಲು ಹಿಂಜರಿದರು. ಮಧ್ಯಾಹ್ನ ಕಿಲ್ಡಾಲ್ ಬಂದು ಕೂತರೇ ಇಲ್ಲವೇ ಎನ್ನುವುದರಲ್ಲಿ ಅಂದು ಅಲ್ಲಿದ್ದವರ ನೆನಪುಗಳೇ ಒಂದಕ್ಕೊಂದು ಕೂಡುವುದಿಲ್ಲ. ಆಮೇಲಿನ ಮಾತುಕತೆ ಹಣದ ಲೆಕ್ಕದಲ್ಲಿ ಕುದುರಲಿಲ್ಲ. ಒಂದೇ ಸಲ ಹಣ ಕೊಟ್ಟು ಮುಗಿಸುವುದು ಐಬಿಎಂನ ರೀತಿ, ಮಾರಿದ ಪ್ರತಿಯೊಂದಕ್ಕೂ ಪಾಲು ಪಡೆಯುವುದು ಡಿಜಿಟಲ್ ರಿಸರ್ಚಿನ ರೀತಿ.

ಐಬಿಎಂ ಗೇಟ್ಸ್ ಹತ್ತಿರ ಮರಳಿತು. ಸಿಯಾಟಲ್ ಕಂಪ್ಯೂಟರ್ ಪ್ರಾಡಕ್ಟ್ಸ್ ಎಂಬ ಸಣ್ಣ ಕಂಪನಿಯಲ್ಲಿ ಟಿಮ್ ಪ್ಯಾಟರ್ಸನ್ ಬರೆದಿದ್ದ ವ್ಯವಸ್ಥೆಯೊಂದನ್ನು ಮೈಕ್ರೋಸಾಫ್ಟ್ ಕೊಂಡುಕೊಂಡಿತು, ಡಾಸ್ ಆಗಿ ಬೆಳೆದದ್ದು ಅದು. ಹೊರಗಿನಿಂದ ನೋಡಿದರೆ ಸಿಪಿ/ಎಂ ಅಚ್ಚಿನಲ್ಲೇ ಎರಕ ಹೊಯ್ದಂತಿತ್ತು. ಸಿಪಿ/ಎಂ ಪ್ರೋಗ್ರಾಮುಗಳು ಸುಲಭವಾಗಿ ಬರಲಿ ಎಂದು ಕೈಪಿಡಿ ನೋಡಿ ಹೊರರೂಪ ಹೊಂದಿಸಿದ್ದು, ಕೋಡ್ ಮುಟ್ಟಿಲ್ಲ ಎಂಬುದು ಪ್ಯಾಟರ್ಸನ್ ನಿಲುವು. ಕೋಡನ್ನು ಸಾಲು ಸಾಲಾಗಿ ಕದ್ದರು ಎಂಬ ಮಾತೂ ಹರಿದಾಡುತ್ತದೆ. ಆದರೆ 2012ರಲ್ಲಿ ನಡೆದ ಕೋಡ್ ತಪಾಸಣೆಯಲ್ಲಿ ನಕಲು ಕಾಣಲಿಲ್ಲ. ಕಿಲ್ಡಾಲ್ ಮಾತ್ರ ತಮ್ಮದನ್ನು ದೋಚಿದರು ಎಂದೇ ಕೊನೆಯವರೆಗೂ ನಂಬಿದ್ದರು. ಹೊರರೂಪ ಇಷ್ಟು ಹೋಲುವಾಗ ಅವರ ಸಿಟ್ಟು ಅಕಾರಣ ಎನ್ನಲು ನನಗಂತೂ ಮನಸ್ಸು ಬರುವುದಿಲ್ಲ.

ಮೊಕದ್ದಮೆಯ ಮಾತು ಬಂದಾಗ ಐಬಿಎಂ ಸಿಪಿ/ಎಂ-86 ಎಂಬ ಅವರ ಹೊಸ ಆವೃತ್ತಿಯನ್ನೂ ಮಾರಲು ಒಪ್ಪಿತು. ಆದರೆ ಬೆಲೆ ನೋಡಿ, ಡಾಸ್ 40 ಡಾಲರ್, ಸಿಪಿ/ಎಂ-86 240 ಡಾಲರ್. ಕೊಳ್ಳುವವರು ಯಾವುದನ್ನು ಕೊಂಡರೆಂದು ಹೇಳಬೇಕಿಲ್ಲ. 1981ರ ಆಗಸ್ಟಿನಲ್ಲಿ ಬಂದ ಆ ಐಬಿಎಂ ಯಂತ್ರದ ಮದರ್‌ಬೋರ್ಡಿನ ಚಿಪ್ಪಿನಲ್ಲಿ, ಕರೆಂಟು ಬಂದೊಡನೆ ಎದ್ದು ಡಿಸ್ಕಿನ ಮೊದಲ ತುಂಡನ್ನು ಓದುವ ಪ್ರೋಗ್ರಾಮ್ ಇತ್ತು. ಅದಕ್ಕೆ ಐಬಿಎಂ ಇಟ್ಟ ಹೆಸರೂ ಬಯೋಸ್.

ಬಡವರಾಗಿ ಸತ್ತರು ಎಂಬುದೂ ನಿಜವಲ್ಲ. ಅವರ ಹತ್ತಿರ ಜೆಟ್ ವಿಮಾನ, ದೋಣಿ, ಕಾರು ಎಲ್ಲ ಇದ್ದವು. 1983ರಿಂದ 1990ರವರೆಗೆ ಕಂಪ್ಯೂಟರ್ ಕ್ರಾನಿಕಲ್ಸ್ ಎಂಬ ಟಿವಿ ಕಾರ್ಯಕ್ರಮದ ಸಹನಿರೂಪಕರಾಗಿ ಮನೆಮನೆಗೆ ಕಂಪ್ಯೂಟರ್ ವಿವರಿಸಿದರು. ಒಂದಿಡೀ ವಿಶ್ವಕೋಶವನ್ನು ಒಂದು ಸಿಡಿಯಲ್ಲಿ ಅಡಗಿಸಿ 1985ರಲ್ಲೇ ಹೊರತಂದ ಕೆಲಸದಲ್ಲೂ ಅವರ ಕೈಯಿತ್ತು. 1991ರಲ್ಲಿ ಡಿಜಿಟಲ್ ರಿಸರ್ಚ್ ನೋವೆಲ್ ಕಂಪನಿಗೆ ಮಾರಾಟವಾಯಿತು.

ದುಡ್ಡಿಗಿಂತ ಆ ವಿಮಾನದ ಕಥೆಯೇ ಅವರನ್ನು ಹೆಚ್ಚು ತಿಂದಿತು. ಎಲ್ಲಿ ಹೋದರೂ ಅದೇ ಪ್ರಶ್ನೆ. ಡೊರೊಥಿಯವರಿಂದ ಬೇರೆಯಾಗಿದ್ದರು, ಕುಡಿತ ಹೆಚ್ಚಿತ್ತು ಎಂಬುದನ್ನು ಮಕ್ಕಳೇ ಮುಂದೆ ಮುಚ್ಚಿಡದೆ ಹೇಳಿದ್ದಾರೆ. ತಮ್ಮ ಕಡೆಯ ಮಾತನ್ನು ಹೇಳಲು ಆತ್ಮಕಥೆಯೊಂದನ್ನು ಬರೆದು, ಅಚ್ಚು ಹಾಕಿಸದೆ ಆಪ್ತರಿಗಷ್ಟೇ ಹಂಚಿದರು. 1994ರ ಜುಲೈ 8ರಂದು ಮಾಂಟೆರೆಯ ಒಂದು ಬಾರಿನಲ್ಲಿ ಅವರ ತಲೆಗೆ ಪೆಟ್ಟಾಯಿತು. ಅದು ಹೇಗಾಯಿತೆಂಬುದು ಪೂರ್ತಿ ಸ್ಪಷ್ಟವಾಗಲೇ ಇಲ್ಲ. ಮೂರು ದಿನದ ಮೇಲೆ, ಜುಲೈ 11ರಂದು ತೀರಿಕೊಂಡರು. ವಯಸ್ಸು 52. ಸಿಯಾಟಲ್‌ನಲ್ಲಿ ಮಣ್ಣು ಮಾಡಿದರು.

2014ರಲ್ಲಿ ಪೆಸಿಫಿಕ್ ಗ್ರೋವಿನಲ್ಲಿ ಡಿಜಿಟಲ್ ರಿಸರ್ಚಿನ ಹಳೆಯ ಕಚೇರಿಯ ಮುಂದೆ ಎಂಜಿನಿಯರುಗಳ ಸಂಸ್ಥೆ ಐಇಇಇ ಒಂದು ಫಲಕ ನೆಟ್ಟಿತು. ಎರಡು ವರ್ಷದ ನಂತರ ಮಕ್ಕಳ ಒಪ್ಪಿಗೆಯಿಂದ, ಆತ್ಮಕಥೆಯ ಮೊದಲ ಭಾಗವನ್ನು ಕ್ಯಾಲಿಫೋರ್ನಿಯಾದ ಕಂಪ್ಯೂಟರ್ ಇತಿಹಾಸ ಸಂಗ್ರಹಾಲಯ ಎಲ್ಲರೂ ಓದಲೆಂದು ಬಿಡುಗಡೆ ಮಾಡಿತು. ನೌಕಾಶಾಲೆ, 25 ಡಾಲರಿನ ಚಿಪ್ಪು, ಹಿತ್ತಲಿನ ಶೆಡ್ಡು ಎಲ್ಲ ಅದರಲ್ಲಿವೆ. ಉಳಿದ ಅಧ್ಯಾಯಗಳನ್ನು ಮನೆಯವರು ತಮ್ಮಲ್ಲೇ ಇಟ್ಟುಕೊಂಡಿದ್ದಾರೆ.